ಕೊಂಡಮ್ಮನ ಕಾರಿಗೆ ತುಕ್ಕಿಲ್ಲ

ಹಳೇ ಕಾರು ಕೊಳ್ಳಲು ಹೊರಟವನಿಗೆ ಮೊದಲು ಬೇಕಾದದ್ದು ದುಡ್ಡಲ್ಲ, ಸಂಶಯ. ಇದನ್ನು ನನಗೆ ಕಲಿಸಿದ್ದು ನನ್ನ ಹೆಂಡತಿ ಪುಷ್ಪಲತಾಳ ಕಾಲು. ಹೋದ ವರ್ಷ ಸಮುದ್ರದ ಕಡೆಯ ಒಂದು ಊರಿನಿಂದ ಹಳೇ ಕಾಲದ ಪುಟ್ಟ ಕಾರೊಂದನ್ನು ತಂದಿದ್ದೆ. ಬಣ್ಣ ಎಷ್ಟು ನುಣುಪಾಗಿತ್ತೆಂದರೆ ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ನಾನು ಬಾಚಿಯೂ ಇದ್ದೆ. ಹಿಂದೂಪುರದ ಮಾರ್ಕೆಟ್ ರಸ್ತೆಯಲ್ಲಿ ಒಂದು ಹಂಪು ಹತ್ತಿ ಇಳಿದದ್ದೇ ತಡ, ಪಕ್ಕದಲ್ಲಿ ಕೂತಿದ್ದ ಅವಳ ಕಾಲಡಿಯ ತಗಡು ಹಪ್ಪಳದಂತೆ ಮುರಿದು, ಕಾಲು ಸೀದಾ ಡಾಂಬರು ಮುಟ್ಟಿತು. ಹಿಮ್ಮಡಿಗೆ ಹೊಲಿಗೆ ಬಿತ್ತು. ಒಂದು ತಿಂಗಳು ಗೋಡೆ ಹಿಡಿದು ನಡೆದಳು. ಊರಿನವರಿಗೆ ಮಾತ್ರ ಹಬ್ಬ. ನನ್ನ ಹುಣಸೆಹಣ್ಣಿನ ಮಂಡಿಗೆ ಬಂದವರೆಲ್ಲ ರೇಟು ಕೇಳುವ ಮೊದಲು, "ಅಮರೇಶಣ್ಣ, ಕಾರಿಗೆ ತಳ ಹಾಕ್ಸಿದ್ರಾ?" ಎಂದು ಕೇಳುತ್ತಿದ್ದರು.

ನನಗೆ ಸಿಟ್ಟು ಬಂದರೆ ಬಾಯಿ ನಿಲ್ಲುವುದಿಲ್ಲ. ಆದರೆ ಆ ವಿಷಯದಲ್ಲಿ ಬಾಯಿ ಬಿಡುವ ಹಾಗೂ ಇರಲಿಲ್ಲ. ಮಾರಿದವನು ತಗಡಿನ ತೂತಿಗೆ ಗೋಣಿಪಟ್ಟಿ ತುಂಬಿ, ಮೇಲೆ ಪುಟ್ಟಿ ಬಳಿದು, ಬಣ್ಣ ಹೊಡೆದಿದ್ದ. ನಾನು ಬಣ್ಣ ನೋಡಿ ಬಂದಿದ್ದೆ. ಪುಷ್ಪಲತಾ ಅಳಲಿಲ್ಲ, ಬೈಯಲಿಲ್ಲ. ಕಾಲಿನ ಕಟ್ಟು ಬಿಚ್ಚಿದ ದಿನ ಒಂದೇ ಮಾತು ಹೇಳಿದಳು.

"ಇನ್ನೊಂದು ಕಾರು ತತ್ತೀನಿ ಅಂದ್ರೆ ಬ್ಯಾಡ ಅನ್ನಕಿಲ್ಲ ಕಣ್ರೀ. ನಿಮ್ಮ ಹುಚ್ಚು ನಂಗೆ ಗೊತ್ತಿಲ್ವಾ? ಆದ್ರೆ ತಳ ನೋಡಿದೀನಿ, ಗಟ್ಟಿ ಐತೆ ಅಂತ ನಿಮ್ಮ ಬಾಯಿಂದ ಬರ್ಬೇಕು. ಆಮೇಲೇ ನಾನು ಹತ್ತೋದು."

ಆವತ್ತೇ ತೀರ್ಮಾನ ಮಾಡಿದೆ. ಇನ್ನೊಮ್ಮೆ ಯಾರ ಕೈಲೂ ಟೋಪಿ ಹಾಕಿಸಿಕೊಳ್ಳುವುದಿಲ್ಲ. ಒಂದು ಚೀಲ ಮಾಡಿಕೊಂಡೆ. ಅದರಲ್ಲಿ ಬಟ್ಟೆ ಸುತ್ತಿದ ಅಯಸ್ಕಾಂತ, ಉದ್ದನೆಯ ಸ್ಕ್ರೂಡ್ರೈವರ್, ಟಾರ್ಚು, ಹಿಡಿಕೆಯಿರುವ ಸಣ್ಣ ಕನ್ನಡಿ. ಅಯಸ್ಕಾಂತ ಕಬ್ಬಿಣಕ್ಕೆ ಅಂಟುತ್ತದೆ, ಪುಟ್ಟಿಗೆ ಅಂಟುವುದಿಲ್ಲ. ಸುಳ್ಳು ಹೇಳುವ ಮನುಷ್ಯರಿಗಿಂತ ಅದು ವಾಸಿ. ಈ ಚೀಲ ಹಿಡಿದು ಪೆನುಕೊಂಡ, ಚಿಲಮತ್ತೂರು, ಸೋಮಂದೇಪಲ್ಲಿ ಎಲ್ಲ ಸುತ್ತಿ ಬಂದೆ. ಎಲ್ಲ ಕಡೆಯೂ ತುಕ್ಕೇ. ಚಿಲಮತ್ತೂರಿನ ಒಬ್ಬನಂತೂ ನಾನು ಬಾಗಿಲ ಕೆಳಗೆ ಸ್ಕ್ರೂಡ್ರೈವರ್ ಚುಚ್ಚಿದ್ದಕ್ಕೆ, "ಕಾರು ನೋಡಕ್ಕೆ ಬಂದಿದೀಯೋ, ಇಂಜೆಕ್ಷನ್ ಕೊಡಕ್ಕೆ ಬಂದಿದೀಯೋ?" ಎಂದು ಜಗಳಕ್ಕೇ ನಿಂತ. ಸ್ಕ್ರೂಡ್ರೈವರ್ ಹಿಡಿಕೆಯವರೆಗೂ ಒಳಗೆ ಹೋಗಿತ್ತು.

ಆಗ ಕದಿರಣ್ಣ ಸಿಕ್ಕ. ಹಿಂದೂಪುರದಲ್ಲಿ ಹಳೇ ಗಾಡಿಗಳ ದಲ್ಲಾಳಿ. ಹೊಟ್ಟೆ ಮುಂದೆ, ಮಾತು ಅದಕ್ಕಿಂತ ಮುಂದೆ. ಕಲ್ಯಾಣದುರ್ಗದಲ್ಲಿ ಒಂದು ಅಂಬಾಸಡರ್ ಮಾರ್ಕ್ ಟೂ ಇದೆ, ಒಂದೇ ಮನೆಯವರು ಓಡಿಸಿದ್ದು, ಯಜಮಾನರು ತೀರಿಕೊಂಡ ಮೇಲೆ ಶೆಡ್ಡಿನಲ್ಲೇ ನಿಂತಿದೆ, ಈಗ ಮಗಳು ಆ ಶೆಡ್ಡಿನಲ್ಲಿ ಹೊಲಿಗೆ ಅಂಗಡಿ ಇಡಬೇಕಂತೆ, ಅದಕ್ಕೇ ಕೊಡುತ್ತಿದ್ದಾರೆ ಎಂದ. ತುಕ್ಕು ಇದೆಯಾ ಎಂದೆ. ಅವನು ನಕ್ಕ.

"ಮಳೆ ಬಂದ್ರೆ ಜನ ಬೀದಿಗೆ ಬಂದು ನೋಡೋ ಊರು ಕಣಣ್ಣ ಅದು. ಅಲ್ಲಿ ತುಕ್ಕು ಎಲ್ಲಿಂದ ಬತ್ತೈತೆ?"

ಮಾತು ನಿಜವೆನಿಸಿತು. ಇಡೀ ಸೀಮೆಗೇ ಮಳೆ ಕಡಿಮೆ, ಆ ಕಡೆಗೆ ಇನ್ನೂ ಕಡಿಮೆ. ಮಂಡಿಯ ಗೂಡ್ಸ್ ಗಾಡಿ ತೆಗೆದುಕೊಂಡು ಬೆಳಿಗ್ಗೆಯೇ ಹೊರಟೆವು. ಮಡಕಶಿರ ದಾಟಿ, ಪಾವಗಡದಲ್ಲಿ ಕರ್ನಾಟಕಕ್ಕೆ ಹೊಕ್ಕು, ಮತ್ತೆ ಆಂಧ್ರಕ್ಕೆ ಬರುವಷ್ಟರಲ್ಲಿ ಕದಿರಣ್ಣ ಮೂರು ಕಡೆ ತಿಂಡಿಗೆ ನಿಲ್ಲಿಸಿದ. ನಾನು ಮೂರು ಕಡೆಯೂ ರೇಗಿದೆ.

ಮನೆ ಊರ ಹೊರಗಿತ್ತು. ಆ ಮನೆಯ ಯಜಮಾನಿ ಕೊಂಡಮ್ಮ ಬಾಗಿಲಲ್ಲೇ ನಿಂತಿದ್ದರು. ಗಟ್ಟಿ ಹೆಂಗಸು. ಹೊಲ, ಕುರಿ, ಆಳುಗಳು, ಎಲ್ಲವನ್ನೂ ಈಗಲೂ ತಾವೇ ನೋಡಿಕೊಳ್ಳುತ್ತಾರೆಂದು ಕದಿರಣ್ಣ ದಾರಿಯಲ್ಲಿ ಹೇಳಿದ್ದ. ತೆಲುಗಿನಲ್ಲಿ ಶುರು ಮಾಡಿದ ಮಾತನ್ನು ಕನ್ನಡದಲ್ಲಿ ಮುಗಿಸುವ, ಕನ್ನಡದ ನಡುವೆ ತೆಲುಗನ್ನು ಸೇರಿಸುವ ನಮ್ಮೆಲ್ಲರ ಅಭ್ಯಾಸ ಅವರಿಗೂ ಇತ್ತು. ಕಾರು ನೋಡೋಣ ಎಂದೆ. ಮೊದಲು ಕೈಕಾಲು ತೊಳೆಯಿರಿ ಎಂದರು. ತೊಳೆದೆವು. ಕಾರು ಎಂದೆ. ಕಾಫಿ ಬಂತು. ಕಾಫಿ ಕುಡಿದು ಎದ್ದರೆ, ರಾಹುಕಾಲ, ಅದು ಕಳೆಯುವವರೆಗೆ ಶೆಡ್ಡಿನ ಬಾಗಿಲು ತೆಗೆಯುವುದಿಲ್ಲ ಎಂದರು. ಅಷ್ಟರಲ್ಲಿ ಮಂಡಕ್ಕಿಯ ಉಗ್ಗಾಣಿ, ಬಜ್ಜಿ ಬಂತು. ಕದಿರಣ್ಣ ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ. ನನ್ನ ಚೀಲ ನನ್ನ ತೊಡೆಯ ಮೇಲೆ, ಶೆಡ್ಡು ಕಣ್ಣೆದುರಿಗೆ, ನಡುವೆ ಬಜ್ಜಿ. ಹೆಣ್ಣು ನೋಡಲು ಬಂದವರನ್ನೂ ಇಷ್ಟು ಹೊತ್ತು ಕಾಯಿಸುವುದಿಲ್ಲ.

ಕೊನೆಗೆ ಬೀಗ ತೆಗೆದರು. ಕಾರಿನ ಬಿಳಿಯ ಬಣ್ಣ ಮಾಸಿ ಕೆನೆಯಂತಾಗಿತ್ತು. ಕ್ರೋಮು ಹಾಗೇ ಇತ್ತು. ಗಾಜಿನ ಮೇಲೆ ಧೂಳು ಕೂಡ ಇರಲಿಲ್ಲ. ಮನಸ್ಸು ಕರಗುವ ಮುಂಚೆ ಚೀಲ ಬಿಚ್ಚಿ, ಮೊದಲು ತುಕ್ಕು ನೋಡಬೇಕು ಎಂದು ನನ್ನಷ್ಟಕ್ಕೆ ನಾನೇ ಜೋರಾಗಿ ಅಂದುಕೊಂಡೆ.

ಅಷ್ಟೇ ಸಾಕಾಯಿತು. ಕೊಂಡಮ್ಮ ಶೆಡ್ಡಿನ ಬಾಗಿಲಿಗೆ ಅಡ್ಡ ಬಂದು ನಿಂತರು.

"ತುಕ್ಕಾ? ತುಕ್ಕಿಗಾ ನೀನು ಬಂದಿರೋದು? ನಡಿ ಆಚೆಗೆ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕನ್ನಡದಲ್ಲಿ ತುಕ್ಕು ಎಂದರೆ ಕಬ್ಬಿಣಕ್ಕೆ ಹಿಡಿಯುವುದು. ತೆಲುಗಿನಲ್ಲಿ ತುಕ್ಕು ಎಂದರೆ ಗುಜರಿ. ಎರಡು ಭಾಷೆಯನ್ನೂ ಬಾಯಲ್ಲಿ ಇಟ್ಟುಕೊಂಡಿರುವ ನಾವು ಯಾವುದನ್ನು ಯಾವಾಗ ಉಗುಳುತ್ತೇವೋ ನಮಗೇ ಗೊತ್ತಿರುವುದಿಲ್ಲ. ಆ ಮನೆಗೆ ಗುಜರಿಯವರು ಬಂದು ಬಂದು ಹೋಗಿದ್ದರಂತೆ. ಆಯಮ್ಮನ ಕಿವಿಗೆ ಆ ಮಾತು ಬಿದ್ದರೆ ಗುಜರಿಯೇ. ನಾನು ಸಿಟ್ಟಿನಲ್ಲಿ, ಅಲ್ಲಮ್ಮ, ತುಪ್ಪು ತುಪ್ಪು ಎಂದು ಕಬ್ಬಿಣದ ತುಕ್ಕಿಗೆ ಇರುವ ತೆಲುಗಿನ ಮಾತು ಹೇಳಿದೆ. ಜಗಲಿಯಿಂದ ಕದಿರಣ್ಣ, ತುಪ್ಪ ಇದ್ದರೆ ಉಗ್ಗಾಣಿಗೂ ಒಂದು ಚಮಚ ಹಾಕಿ ಎಂದ. ಅವನ ಕತ್ತು ಹಿಸುಕಬೇಕೆನಿಸಿತು. ಕೊಂಡಮ್ಮ ಮಾತ್ರ ನಗಲಿಲ್ಲ. ನಾನು ಈ ಕಾರನ್ನು ಓಡಿಸಲು ಕೊಳ್ಳುತ್ತೇನೆ, ಹೆಂಡತಿಯನ್ನು ಕೂರಿಸಿಕೊಂಡು ಲೇಪಾಕ್ಷಿಗೆ ಹೋಗುತ್ತೇನೆ, ಕತ್ತರಿಸಿ ಮಾರುವುದಿಲ್ಲ ಎಂದು ಆಣೆ ಮಾಡಿದ ಮೇಲೆ ಬಾಗಿಲು ಬಿಟ್ಟರು. ಬಿಟ್ಟು ಅಲ್ಲೇ ಕುರ್ಚಿ ಹಾಕಿಕೊಂಡು ಕೂತರು.

ನೆಲದ ಮೇಲೆ ಮಲಗಿ, ಟಾರ್ಚು ಹಿಡಿದು, ಬಾಗಿಲುಗಳ ಕೆಳ ಅಂಚು, ಹೊಸ್ತಿಲ ತಗಡು, ಚಕ್ರದ ಮೇಲಿನ ಕಮಾನು, ಬ್ಯಾಟರಿಯ ತಟ್ಟೆ, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿ, ಒಂದನ್ನೂ ಬಿಡದೆ ನೋಡಿದೆ. ಅಯಸ್ಕಾಂತ ಎಲ್ಲೆಲ್ಲೂ ಟಪ್ಪೆಂದು ಅಂಟಿತು. ಸ್ಕ್ರೂಡ್ರೈವರಿನ ಹಿಡಿಕೆಯಿಂದ ತಟ್ಟಿದರೆ ಗಟ್ಟಿ ಕಬ್ಬಿಣದ ಸದ್ದು. ತಳದ ನಡುಭಾಗಕ್ಕೆ ಹಳೇ ಮಣ್ಣು, ಗ್ರೀಸು ದಪ್ಪಗೆ ಮೆತ್ತಿಕೊಂಡಿತ್ತು, ಅದನ್ನು ಒಳಗಿನಿಂದ ನೋಡೋಣವೆಂದು ಬಿಟ್ಟೆ. ಬಲಗಡೆ ಮುಂದಿನ ಮಡ್‌ಗಾರ್ಡಿನಲ್ಲಿ ಮಾತ್ರ ಅಯಸ್ಕಾಂತ ಜಾರಿ ಬಿತ್ತು. ಅಲ್ಲಿ ಪುಟ್ಟಿ ಇತ್ತು. ಏನಮ್ಮ ಇದು ಎಂದೆ. ಮರಕ್ಕೆ ತಗಲಿತ್ತು ಎಂದಷ್ಟೇ ಹೇಳಿ ಸೆರಗು ಸರಿಮಾಡಿಕೊಂಡರು. ಪೆಟ್ಟು ಬಿದ್ದ ಜಾಗಕ್ಕೆ ಪುಟ್ಟಿ ಹಾಕಿದ್ದಾರೆ, ಅದು ತುಕ್ಕಲ್ಲ, ಒಪ್ಪಿಕೊಂಡೆ. ಹುಡುಕಿ ಹುಡುಕಿ ಏನೂ ಸಿಗದಿದ್ದಾಗ ಸಂತೋಷಪಡಬೇಕು. ನನಗೆ ಕಿರಿಕಿರಿಯಾಯಿತು. ಎಲ್ಲೋ ಇರಲೇಬೇಕು, ನನ್ನಿಂದ ಬಚ್ಚಿಟ್ಟಿದ್ದಾರೆ ಅನಿಸಿತು.

ಒಳಗೆ ಕೂತು ಮ್ಯಾಟು ಎತ್ತಲು ಶುರು ಮಾಡಿದೆ. ಹಿಂದಿನ ಸೀಟಿನ ಕೆಳಗೆ ಸೊಗಸಾಗಿತ್ತು. ಎಡಗಡೆಯೂ ಅಷ್ಟೇ. ಡ್ರೈವರ್ ಸೀಟಿನ ಕೆಳಗಿನ ಮ್ಯಾಟಿಗೆ ಕೈ ಹಾಕಿದೆ. ಅದು ಏಳಲಿಲ್ಲ. ಸುತ್ತ ಕಪ್ಪು ಟೇಪು ಅಂಟಿಸಿದ್ದರು.

"ಅದೊಂದು ಮುಟ್ಬ್ಯಾಡ ನಾಯನಾ" ಎಂದರು ಕೊಂಡಮ್ಮ.

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ಎಲ್ಲ ಮಾರುವವರೂ ಒಂದೇ, ನೂರು ಕಡೆ ತೋರಿಸಿ ಒಂದು ಕಡೆ ಮುಚ್ಚುತ್ತಾರೆ, ಹೀಗೇ ಮುಚ್ಚಿದ್ದಕ್ಕೆ ನನ್ನ ಹೆಂಡತಿಯ ಕಾಲು ಹರಿದದ್ದು, ಆ ಮ್ಯಾಟು ಎತ್ತದೆ ನಾನು ಈ ಕಾರನ್ನು ಬಿಟ್ಟಿ ಕೊಟ್ಟರೂ ಒಯ್ಯುವುದಿಲ್ಲ ಎಂದು ಕೂಗಾಡಿದೆ. ವಯಸ್ಸಿನಲ್ಲಿ ತಾಯಿಯಂಥವರ ಮುಂದೆ ಹಾಗೆ ಕೂಗಬಾರದಿತ್ತು, ಕೂಗಿದೆ. ಅವರು ನನ್ನನ್ನೇ ನೋಡಿದರು. ಆಮೇಲೆ ಎದ್ದು, ನಿನ್ನ ಇಷ್ಟ, ಆದರೆ ಮುಟ್ಟಿದ ಪಾಪ ನಿನ್ನ ತಲೆಯ ಮೇಲೆ ಎಂದು ಹೇಳಿ ಮನೆಯೊಳಗೆ ಹೋದರು.

ಟೇಪು ಕಿತ್ತು ಮ್ಯಾಟು ಎತ್ತಿದೆ. ಕೆಳಗೆ ಹಳದಿ ಬಟ್ಟೆಯ ಪುಟ್ಟ ಪುಟ್ಟ ಗಂಟುಗಳು. ಒಂದರ ಪಕ್ಕ ಒಂದು, ಒಂದರ ಮೇಲೆ ಒಂದು, ಸೀಟಿನ ಅಡಿಯವರೆಗೂ ತುಂಬಿದ್ದವು. ಬಟ್ಟೆ ತೇವವಾಗಿತ್ತು. ಒಂದನ್ನು ಹಿಡಿದರೆ ಬೆರಳಿಗೆ ಕೆಂಪು ಕೆಸರು ಅಂಟಿತು. ಕಲ್ಲುಪ್ಪು. ಹುಣಸೆಹಣ್ಣಿನ ವ್ಯಾಪಾರದವನಿಗೆ ಉಪ್ಪಿನ ಬುದ್ಧಿ ಹೇಳಿಕೊಡಬೇಕಾಗಿಲ್ಲ. ಅದು ಎಂಥ ಒಣ ಗಾಳಿಯಲ್ಲೂ ನೀರು ಎಳೆಯುತ್ತದೆ, ಕಬ್ಬಿಣವನ್ನು ಮೆಲ್ಲಗೆ ತಿನ್ನುತ್ತದೆ. ನಮ್ಮ ಮಂಡಿಯ ತಕ್ಕಡಿಯನ್ನೇ ಎರಡು ಸಲ ಬದಲಾಯಿಸಿದ್ದೇನೆ. ಗಂಟುಗಳನ್ನು ಸರಿಸಿ ಸ್ಕ್ರೂಡ್ರೈವರ್ ಇಟ್ಟೆ, ಚುಚ್ಚಲೂ ಇಲ್ಲ. ಅದು ತನ್ನಷ್ಟಕ್ಕೆ ಕೆಳಗಿಳಿದು ಶೆಡ್ಡಿನ ನೆಲಕ್ಕೆ ತಾಗಿತು. ಸೀಟಿನ ಹಿಂದಿನ ಕಾಲುಗಳನ್ನು ತಗಡಿಗೆ ಬಿಗಿದ ಬೋಲ್ಟುಗಳು ಇದ್ದವು, ಆದರೆ ಅವು ಹಿಡಿದುಕೊಳ್ಳಬೇಕಾದ ತಗಡೇ ಇರಲಿಲ್ಲ. ಕೈಯಿಂದ ಸೀಟಿನ ಬೆನ್ನನ್ನು ಒತ್ತಿದೆ. ಕರಕರ ಎಂದು ಹಿಂದಕ್ಕೆ ಕುಸಿಯಿತು. ಎತ್ತಿ ಮತ್ತೆ ನಿಲ್ಲಿಸಿದೆ.

ಸಿಕ್ಕಿತು. ನಿಜ ಹೇಳುತ್ತೇನೆ, ಆ ಕ್ಷಣದಲ್ಲಿ ನನಗಾದಷ್ಟು ಖುಷಿ ಒಳ್ಳೆಯ ಕಾರು ಸಿಕ್ಕಿದ್ದರೂ ಆಗುತ್ತಿರಲಿಲ್ಲ. ಈ ಸಲ ನಾನು ಮೋಸ ಹೋಗಲಿಲ್ಲ. ಇನ್ನು ಹೊರಗೆ ಬಂದು ಆಯಮ್ಮನ ಮುಂದೆ ನಿಂತು, ಮುಚ್ಚಿಟ್ಟದ್ದನ್ನೆಲ್ಲ ಮುಖಕ್ಕೆ ಹೇಳಿ, ಕದಿರಣ್ಣನ ಮುಂದೆಯೇ ಬೆಲೆ ಇಳಿಸಬೇಕು, ಇಲ್ಲವಾದರೆ ಎದ್ದು ಹೋಗಬೇಕು ಎಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡೆ. ಅಷ್ಟರಲ್ಲಿ ಅವರು ಬರುವ ಸದ್ದಾಯಿತು. ಗಂಟುಗಳನ್ನು ಹಾಗೇ ತಳ್ಳಿ ಮ್ಯಾಟು ಬಿಟ್ಟೆ.

ಅವರ ಮುಖದಲ್ಲಿ ಕದ್ದವರ ಅಳುಕು ಇರಲಿಲ್ಲ. ಕುರ್ಚಿಯಲ್ಲಿ ಕೂತು ನಿಧಾನವಾಗಿ ಹೇಳಿದರು.

"ನೋಡ್ದಾ? ಅದು ದಿಷ್ಟಿ ಉಪ್ಪು ನಾಯನಾ. ಈ ಕಾರು ಮನೆಗೆ ಬಂದಾಗಿಂದ ಅಮಾಸೆ ಅಮಾಸೆಗೂ ಇಟ್ಟಿದೀನಿ. ನಮ್ಮನೇರಿಗೆ ಗೊತ್ತಿರ್ಲಿಲ್ಲ, ಗೊತ್ತಾಗಿದ್ರೆ ಬೈತಿದ್ರು. ಹಳೇ ಗಂಟು ಎಲ್ಲಂದ್ರಲ್ಲಿ ಬಿಸಾಕಂಗಿಲ್ಲ, ಹರಿಯೋ ನೀರಿಗೇ ಬಿಡ್ಬೇಕು ಅಂದಿದ್ರು ನಮ್ಮತ್ತೆ. ಈ ಊರಾಗೆ ಹರಿಯೋ ನೀರು ನಾನೆಲ್ಲಿಂದ ತರ್ಲಿ? ಊರ ಹಳ್ಳ, ಆ ವಂಕ ಬಂದಾಗ ಬಿಡೋಣ ಬಿಡೋಣ ಅಂತ ಹಂಗೇ ಇಟ್ಕಂಡು ಬಂದೆ."

ಊರಿನಲ್ಲಿ ಮಳೆ ಇಲ್ಲ, ಹಾಗಾಗಿ ತುಕ್ಕಿಲ್ಲ ಎಂದು ನಂಬಿ ಬಂದಿದ್ದೆ. ಮಳೆ ಇಲ್ಲದ್ದಕ್ಕೇ ಹಳ್ಳ ಹರಿಯಲಿಲ್ಲ, ಹಳ್ಳ ಹರಿಯದ್ದಕ್ಕೇ ಉಪ್ಪು ಕಾರಿನಲ್ಲೇ ಉಳಿಯಿತು. ಹೇಳೋಣವೆಂದು ಬಾಯಿ ತೆರೆದೆ. ಅವರು ಇನ್ನೂ ಮುಗಿಸಿರಲಿಲ್ಲ.

ಯಜಮಾನರು ಸೆಟ್ಟೂರಿನಿಂದ ಬರುತ್ತಿದ್ದಾಗ, ಮೋರಿಯ ಹತ್ತಿರದ ಗುಂಡಿಯೊಂದರಲ್ಲಿ ಕಾರು ಇಳಿದು ಎದ್ದಿತಂತೆ. ಖಾಲಿ ರಸ್ತೆ, ಎದುರಿಗೆ ಒಂದು ಮೇಕೆಯೂ ಇರಲಿಲ್ಲ. ಆದರೂ ಕಾರು ಸೀದಾ ಹೋಗಿ ಬೇವಿನಮರಕ್ಕೆ ಗುದ್ದಿತು. ಸೊಂಟ ಮುರಿಯಿತು. ಅಂಥ ಗುದ್ದಿಗೆ ಬೇರೆಯವರಾಗಿದ್ದರೆ ಅಲ್ಲೇ ಹೋಗುತ್ತಿದ್ದರು, ಅವರು ಆರು ತಿಂಗಳು ಇದ್ದರು ಎಂದರು ಕೊಂಡಮ್ಮ. ಹಾಸಿಗೆಯಲ್ಲೇ, ಆದರೆ ಇದ್ದರು. ಇಷ್ಟು ವರ್ಷದ ಸಂಸಾರದಲ್ಲಿ ಆಡದ ಮಾತನ್ನೆಲ್ಲ ಆ ಆರು ತಿಂಗಳಲ್ಲಿ ಆಡಿಕೊಂಡರಂತೆ.

"ಆ ಆರು ತಿಂಗ್ಳು ನಂಗೆ ಕೊಟ್ಟಿದ್ದು ಆ ಉಪ್ಪೇ. ಆಸ್ಪತ್ರೆಲಿ ಕಣ್ಣು ಬಿಟ್ಟಾಗಿಂದ ಅವ್ರದ್ದು ಒಂದೇ ಮಾತು, 'ಕುಂಗಿಂದಿ, ಕುಂಗಿಂದಿ' ಅಂತ. ಮನಸ್ಸು ಕುಂಗಬಾರ್ದು, ಧೈರ್ಯವಾಗಿರ್ರಿ ಅಂತ ನಾನು ತಲೆ ಸವರ್ತಿದ್ದೆ."

ಸ್ಕ್ರೂಡ್ರೈವರನ್ನು ಮೆಲ್ಲಗೆ ಚೀಲಕ್ಕೆ ಹಾಕಿದೆ. ತೆಲುಗಿನಲ್ಲಿ ಮನಸ್ಸು ಕುಗ್ಗಿದರೂ ಕುಂಗಿಂದಿ, ನೆಲ ಕುಸಿದರೂ ಕುಂಗಿಂದಿ. ಆ ಮನುಷ್ಯ ತನ್ನ ಮನಸ್ಸಿನ ವಿಷಯ ಹೇಳುತ್ತಿರಲಿಲ್ಲ. ಗುಂಡಿಯಲ್ಲಿ ಸೀಟು ಕುಸಿದು, ಬೆನ್ನು ಹಿಂದಕ್ಕೆ ಬಿದ್ದು, ಸ್ಟೇರಿಂಗು ಕೈ ತಪ್ಪಿತು ಎಂದು ಹೇಳುತ್ತಿದ್ದ. ಪಾಪ, ಹೆಂಡತಿ ತಲೆ ಸವರುತ್ತಿದ್ದಳು. ಗಂಡನನ್ನು ಕಾಯಲೆಂದು ಇಟ್ಟ ಉಪ್ಪೇ ಆ ತಗಡನ್ನು ತಿಂದಿತ್ತು.

ನನ್ನಂಥವನಿಗೆ ಈ ನಿಜ ಸಿಗಬಾರದಿತ್ತು. ಹೊಟ್ಟೆಯಲ್ಲಿ ಮಾತು ಇಟ್ಟುಕೊಳ್ಳಲು ಬಾರದವನು ನಾನು. ತಕ್ಕಡಿಯಲ್ಲಿ ಒಂದು ಹಿಡಿ ಕಡಿಮೆ ಬಂದರೂ ಮಾರ್ಕೆಟ್ಟೆಲ್ಲ ಕೇಳುವಂತೆ ಕೂಗುವವನು. ಕೊಂಡಮ್ಮ ಬಾಗಿ ನನ್ನ ಮುಖ ನೋಡಿ, "ಒಳಗೆ ಏನಾದ್ರೂ ಕೆಟ್ಟೈತಾ? ಇದ್ದದ್ದು ಇದ್ದಂಗೆ ಹೇಳು" ಎಂದರು.

"ಏನೂ ಇಲ್ಲಮ್ಮ. ಗಟ್ಟಿ ಐತೆ."

ಹೇಳಿದೆ. ಹೇಳಿದ ಮೇಲೆ ನನ್ನ ಮೇಲೇ ನನಗೆ ಉರಿ ಹತ್ತಿತು. ಬೇಡವೆಂದು ಎದ್ದು ಹೋಗೋಣವೆಂದರೆ ಅದೂ ಆಗುವಂತಿರಲಿಲ್ಲ. ನಾಳೆ ಇನ್ನೊಬ್ಬ ಬರುತ್ತಾನೆ, ಅವನೂ ಮ್ಯಾಟು ಎತ್ತುತ್ತಾನೆ, ಅವನು ನನ್ನಂತೆ ಬಾಯಿ ಮುಚ್ಚಿಕೊಳ್ಳುತ್ತಾನೆಂದು ಏನು ಗ್ಯಾರಂಟಿ? ಗುಜರಿಯವನಾದರೆ ಹಲ್ಲು ಕಿಸಿದು ಹೇಳಿಯೇ ಹೇಳುತ್ತಾನೆ. ತುಕ್ಕು ಹಿಡಿದ ಕಾರು ಬೇಡವೇ ಬೇಡ ಎಂದು ಊರೂರು ಅಲೆದವನು, ತುಕ್ಕನ್ನು ಕಣ್ಣಾರೆ ನೋಡಿ, ಮಾರುವವರಿಂದಲೇ ಅದನ್ನು ಮುಚ್ಚಿಟ್ಟು ಕೊಳ್ಳಬೇಕು. ಇಂಥ ಗ್ರಹಚಾರ ಯಾವ ದಲ್ಲಾಳಿಯ ಬಾಯಲ್ಲೂ ಕೇಳಿರಲಿಲ್ಲ.

ಕದಿರಣ್ಣ ಕೈ ಒರೆಸಿಕೊಂಡು ಬಂದು, ಹೇಗಿದೆ, ಎಷ್ಟಕ್ಕೆ ಇಳಿಸೋಣ ಎಂದು ಕಿವಿಯಲ್ಲಿ ಕೇಳಿದ. ಕೇಳಿದಷ್ಟು ಕೊಡುತ್ತೇನೆ ಎಂದೆ. ಅವನು ನನ್ನ ಹಣೆ ಮುಟ್ಟಿ ನೋಡಿದ. ಬೆಲೆ ಇಳಿಸಲು ಕೈಯಲ್ಲಿ ಇಷ್ಟು ದೊಡ್ಡ ಕಾರಣ ಇಟ್ಟುಕೊಂಡು, ಹೇಳಲಾಗದೆ ಹಲ್ಲು ಕಚ್ಚಿ ನಿಂತ ವ್ಯಾಪಾರಿಯ ಸಂಕಟ ಅವನಿಗೆ ಹೇಗೆ ತಿಳಿಯಬೇಕು.

ಕಾರನ್ನು ಗೂಡ್ಸ್ ಗಾಡಿಗೆ ಕಟ್ಟಿ ಎಳೆದುಕೊಂಡು ಹೋಗುವ ಲೆಕ್ಕ ನನ್ನದು. ಕೊಂಡಮ್ಮ ಒಪ್ಪಲಿಲ್ಲ. ಈ ಅಂಗಳದಿಂದ ಅದು ಓಡಿಕೊಂಡೇ ಹೋಗಬೇಕು, ಎಳೆಸಿಕೊಂಡು ಹೋಗಬಾರದು ಎಂದರು. ಮಗಳು ಆಗಾಗ ಬಾಗಿಲಾಚೆ ನಿಂತೇ ಕೀಲಿ ತಿರುಗಿಸಿ ಸ್ಟಾರ್ಟ್ ಮಾಡಿ ಇಟ್ಟಿದ್ದಳಂತೆ, ನಾವು ತಂದ ಬ್ಯಾಟರಿ ಹಾಕಿದ್ದೇ ಇಂಜಿನ್ನು ಎದ್ದಿತು. ಆ ಇಂಜಿನ್ನಾದರೂ ಹಟ ಹಿಡಿಯಬಾರದಿತ್ತೇ ಎಂದು ಬೈದುಕೊಂಡೆ.

ಅಷ್ಟರಲ್ಲಿ ಅವರು ಹೊಸ ಹಳದಿ ಬಟ್ಟೆಯಲ್ಲಿ ಹೊಸ ಗಂಟು ಕಟ್ಟಿಕೊಂಡು ಬಂದು, ಡ್ರೈವರ್ ಸೀಟಿನ ಕೆಳಗೆ ಕೈ ಹಾಕಲು ಬಗ್ಗಿದರು. ಕೈ ಹಾಕಿದರೆ ತೂತು ಸಿಗುತ್ತದೆ. ಓಡಿ ಹೋಗಿ, ನಾನಿಡುತ್ತೇನೆ ಕೊಡಮ್ಮ ಎಂದು ಹೆಚ್ಚುಕಡಿಮೆ ಕಿತ್ತುಕೊಂಡೆ. ಅವರು ನೋಡುತ್ತಿರುವಂತೆಯೇ ಅದನ್ನು ಹಳೆಯ ಗಂಟುಗಳ ಪಕ್ಕ, ತಗಡು ಉಳಿದಿದ್ದ ಅಂಚಿನಲ್ಲಿ ಇಟ್ಟೆ.

ಆಮೇಲೆ ಕೂರಬೇಕಲ್ಲ. ಕೂತರೆ ಸೀಟು ಕುಸಿಯುತ್ತದೆ, ಅವರ ಕಣ್ಣೆದುರಿಗೇ. ಬಾಗಿಲು ತೆಗೆದು ಒಳಗೆ ಸೇರಿ, ಎರಡೂ ಕಾಲನ್ನು ಮುಂದಿನ ಗಟ್ಟಿ ತಗಡಿಗೆ ಊರಿ, ಸ್ಟೇರಿಂಗನ್ನು ಬಾವಿಯ ಹಗ್ಗ ಹಿಡಿದಂತೆ ಹಿಡಿದು, ಅಂಡು ಸೀಟಿಗೆ ತಾಗಿಯೂ ತಾಗದಂತೆ ನಿಂತೆ. ಕೂತಂತೆ ನಿಂತೆ. ಕ್ಲಚ್ಚು ಒತ್ತಲು ಒಂದು ಕಾಲು ಎತ್ತಿದರೆ ಇನ್ನೊಂದು ತೊಡೆ ನಡುಗುತ್ತಿತ್ತು. ಕೊಂಡಮ್ಮ ಕಿಟಕಿಯ ಹತ್ತಿರ ಬಂದು ನಿಂತುಕೊಂಡರು.

"ಯಾಕೆ ನಾಯನಾ ಹಂಗೆ ಕೂತಿದೀಯ?"

ಸೊಂಟ ನೋವು ಎಂದೆ. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಅವರು ಕಾರಿನ ಮೇಲೆ ಕೈಯಿಟ್ಟು ನಿಂತೇ ಇದ್ದರು. ಬೇಗ ಬಿಡಬಾರದೇ ಎಂದು ಒಳಗೊಳಗೇ ಬೇಡಿಕೊಂಡೆ. ಬಿಟ್ಟರು. ಅಂಗಳ, ಗೇಟು, ಮಣ್ಣುದಾರಿ ದಾಟಿ, ತಿರುವಿನಲ್ಲಿ ಮನೆ ಮರೆಯಾದ ಮೇಲೆ ಮೈ ಬಿಟ್ಟೆ. ಕರಕರ ಸದ್ದಿನೊಂದಿಗೆ ಸೀಟು ಹಿಂದಕ್ಕೆ ಹೋಯಿತು. ಕಣ್ಣೆದುರು ರಸ್ತೆ ಹೋಗಿ ಕಾರಿನ ಚಾವಣಿ ಬಂತು. ಬ್ರೇಕು ಕಾಲಿಗೆ ಸಿಕ್ಕಿದ್ದರಿಂದ ಬದುಕಿದೆ. ಆ ಮನುಷ್ಯನಿಗೆ ಅದು ಸಿಕ್ಕಿರಲಿಲ್ಲ.

ಹಿಂದೆ ಬಂದ ಕದಿರಣ್ಣ ಇಳಿದು, ಸೀಟು ನೋಡಿ, ಬಗ್ಗಿ ತೂತು ನೋಡಿ, ನನ್ನನ್ನು ನೋಡಿದ. ಅಷ್ಟು ಹೊತ್ತು ಒಳಗಿದ್ದು ಇದನ್ನು ನೋಡಲಿಲ್ಲವಾ ಅಣ್ಣ ಎಂದ. ನೋಡಲಿಲ್ಲ ಎಂದೆ. ಅವನ ನಗು ಶುರುವಾದದ್ದು ಪಾವಗಡ ದಾಟಿದರೂ ನಿಂತಿರಲಿಲ್ಲವೆಂದು ಕಾಣುತ್ತದೆ. ಗೂಡ್ಸ್ ಗಾಡಿಯಲ್ಲಿದ್ದ ಹಲಗೆಯನ್ನು ಸೀಟಿನ ಕೆಳಗೆ ಅಡ್ಡ ಹಾಕಿ, ಗೋಣಿಚೀಲ ಒತ್ತಿ, ಎತ್ತಿನಗಾಡಿಯ ವೇಗದಲ್ಲಿ ನಾನು ಕಾರು ತಂದೆ. ಅವನು ಮುಂದೆ ಹೋಗಿ ಹಿಂದೂಪುರಕ್ಕೆಲ್ಲ ಸುದ್ದಿ ಮುಟ್ಟಿಸಿದ. ರಾತ್ರಿ ನಾನು ಬರುವಷ್ಟರಲ್ಲಿ ಮಂಡಿಯ ಮುಂದೆ ನಾಲ್ಕು ಜನ ನಿಂತಿದ್ದರು. ಒಬ್ಬ, ತಳ ಈ ಸಲ ಎಷ್ಟು ದೂರ ಬಂತು ಎಂದು ಕೇಳಿದ. ನಾನು ಕಾರನ್ನು ಮನೆಯ ಕಡೆಗೆ ತಿರುಗಿಸಿದೆ. ತಿರುಗಿ ಬೈಯದ ಅಮರೇಶನನ್ನು ಅವರು ಮೊದಲ ಸಲ ನೋಡಿದ್ದು.

ಮನೆಯಂಗಳದಲ್ಲಿ ಪುಷ್ಪಲತಾ ನನ್ನ ಚೀಲದಿಂದಲೇ ಟಾರ್ಚು ತೆಗೆದುಕೊಂಡಳು. ಹಲಗೆ ಸರಿಸಿದಳು, ಮ್ಯಾಟು ಎತ್ತಿದಳು. ಟಾರ್ಚಿನ ಬೆಳಕು ತಗಡು ದಾಟಿ ಅಂಗಳದ ಕಲ್ಲಿನ ಮೇಲೆ ಬಿತ್ತು.

"ಇದ್ನ ನೋಡ್ಲಿಲ್ವಾ ನೀವು?"

ಇಡೀ ಊರಿಗೆ ನೋಡಲಿಲ್ಲ ಎಂದು ಹೇಳಬಹುದು. ಹೊಲಿಗೆಯ ಗುರುತಿರುವ ಆ ಕಾಲಿನ ಮುಂದೆ ಹೇಳಲಾಗಲಿಲ್ಲ.

"ನೋಡ್ದೆ."

"ನೋಡಿ ತಂದ್ರಾ?"

ಎಲ್ಲಿಂದ ಶುರು ಮಾಡಬೇಕೆಂದು ನಾನು ತಡಕಾಡುತ್ತಿರುವಾಗ ಫೋನು ಬಂತು. ಕೈಯೆಲ್ಲ ಗ್ರೀಸು, ಹಾಗಾಗಿ ಬಾನೆಟ್ಟಿನ ಮೇಲಿಟ್ಟು ಸ್ಪೀಕರ್ ಒತ್ತಿದೆ. ಕೊಂಡಮ್ಮ. ಊರು ಸೇರಿದೆಯಾ ಎಂದರು. ಸೇರಿದೆ ಅಮ್ಮ ಎಂದೆ. ಸೀಟು ಹೇಗಿದೆ ಎಂದರು. ಪುಷ್ಪಲತಾಳ ಕೈಯಲ್ಲಿ ಟಾರ್ಚು ಇನ್ನೂ ಆ ತೂತಿನ ಕಡೆಗೇ ಇತ್ತು.

"ಗಟ್ಟಿ ಐತೆ ಅಮ್ಮ."

ಫೋನಿನ ಆ ಕಡೆ ಕುರಿಗಳ ಸದ್ದು ಕೇಳುತ್ತಿತ್ತು. ಪುಷ್ಪಲತಾ ನನ್ನ ಮುಖವನ್ನೇ ನೋಡುತ್ತಿದ್ದಳು.

"ನೀನು ಹೋದ್ಮ್ಯಾಲೆ ಶೆಡ್ಡು ಗುಡಿಸ್ದೆ ನಾಯನಾ" ಎಂದರು ಕೊಂಡಮ್ಮ. "ಕಾರು ನಿಂತಿದ್ದ ತಾವ ನೆಲದ ಮ್ಯಾಲೆ ಉಪ್ಪು ಬಿದ್ದಿತ್ತು. ಅವ್ರು ಕೂರ್ತಿದ್ದ ಜಾಗಕ್ಕೆ ಸರಿಯಾಗಿ, ಕೆಂಪಗೆ. ಸೀಟಿನ ಕೆಳಗೆ ಇಟ್ಟಿದ್ದು ನೆಲಕ್ಕೆ ಹೆಂಗೆ ಬಂತು ಅಂತ ಅಲ್ಲೇ ಕೂತ್ಕಂಡೆ. ನೀನು ಕೂತಿದ್ದ ರೀತಿ ನೆಪ್ಪಿಗೆ ಬಂತು. ಆಸ್ಪತ್ರೆಲಿ ಅವ್ರು ಹೇಳ್ತಿದ್ದ ಮಾತೂ ನೆಪ್ಪಿಗೆ ಬಂತು."

ನಾನು ಅಮ್ಮ ಎಂದೆ. ಪುಷ್ಪಲತಾ ಟಾರ್ಚು ಆರಿಸಿದಳು.

"ಆ ಉಪ್ಪು ತೆಗ್ದುಬುಡು" ಎಂದರು. "ನಾಳೆ ಅಂತ ಇಡ್ಬ್ಯಾಡ, ಈಗ್ಲೇ ತೆಗಿ. ಹರಿಯೋ ನೀರು ಗೀರು ಅಂತ ಕಾಯ್ಬ್ಯಾಡ, ಎಲ್ಲಾದ್ರೂ ಚೆಲ್ಲು. ಅದ್ರಾಗೆ ನಿನ್ನ ಹೆಂಡ್ತಿ ಕೂರ್ತಾಳೆ."

ಫೋನು ಇಟ್ಟರು. ಬೆಳಿಗ್ಗೆಯಿಂದ ಎಲ್ಲರ ಮೇಲೂ ರೇಗುತ್ತ ಬಂದ ನನಗೆ ಆಗ ರೇಗಲು ಯಾರೂ ಉಳಿದಿರಲಿಲ್ಲ. ಪುಷ್ಪಲತಾ ಒಳಗಿನಿಂದ ಒಂದು ಮೊರ ತಂದು ಕಾರಿನ ಬಾಗಿಲ ಹತ್ತಿರ ಕೂತಳು, ನಾನು ಒಂದೊಂದೇ ಗಂಟನ್ನು ಎತ್ತಿ ಅದರಲ್ಲಿ ಹಾಕುತ್ತ ಹೋದೆ.